ಧ್ವನಿ ತೆಗೆದ ಪಾಠ

ಪುಷ್ಪಲತಾ ಯಾರನ್ನೇ ಮೊದಲ ಸಲ ಕಂಡರೂ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನಮ್ಮ ಊದುಬತ್ತಿ ಕಾರ್ಖಾನೆಗೆ ಸೇರಿದ ದಿನ ನಾನು ಎದ್ದು ಎರಡು ಮಾತು ಸ್ವಾಗತ ಹೇಳಿದರೆ, "ಸಾರ್, ನೀವು ಬಾಯಿಗಿಂತ ಕೈಯಲ್ಲೇ ಚೆನ್ನಾಗಿ ಮಾತಾಡ್ತೀರ" ಎಂದರು. ಹೊಗಳಿಕೆಯೆಂದುಕೊಂಡು ಸಂಜೆಯವರೆಗೂ ಖುಷಿಯಾಗಿದ್ದೆ.

ಹೊಸದಾಗಿ ಸೇರುವ ಹೆಂಗಸರಿಗೆ ಕೆಲಸ ಕಲಿಸುವುದು ಅಲ್ಲಿಯವರೆಗೆ ನನ್ನ ಸಾಮ್ರಾಜ್ಯ. ಕಪ್ಪು ಹಲಗೆ, ಮೈಕು, ನಾನು. ನನ್ನ ಧ್ವನಿಯನ್ನು ಕೃಷ್ಣಮೂರ್ತಿಪುರಂನ ಗಣಪತಿ ಪೆಂಡಾಲಿನವರೂ ಮೆಚ್ಚಿದ್ದಾರೆ. ಆದರೆ ಮಾಲೀಕರು ಎಲ್ಲೋ ಸಭೆಗೆ ಹೋಗಿ ಬಂದವರು, ಇನ್ನು ಪಾಠವೆಲ್ಲ ವಿಡಿಯೊದಲ್ಲಿ ಆಗಬೇಕೆಂದರು. ಅದಕ್ಕೆಂದೇ ಪುಷ್ಪಲತಾ ಅವರನ್ನು ಕರೆತಂದರು. ವಿಡಿಯೊ ಗೆದ್ದರೆ ನನ್ನ ತರಗತಿ ನಿಲ್ಲುತ್ತದೆ ಎಂಬುದು ಯಾರೂ ಹೇಳದೆಯೇ ನನಗೆ ಗೊತ್ತಿತ್ತು.

ಪುಷ್ಪಲತಾ ಕುವೆಂಪುನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಕ್ಯಾಮೆರಾದ ಸ್ಟ್ಯಾಂಡು, ಊಟದ ಡಬ್ಬಿ ಎರಡೂ ಒಂದೇ ಚೀಲದಲ್ಲಿ. ಊಟಕ್ಕೆ ಆಫೀಸಿನಲ್ಲಿ ಕೂರದೆ ಪ್ಯಾಕಿಂಗ್ ಹೆಂಗಸರ ಸಾಲಿನಲ್ಲಿ ಕೂತು ಅವರ ಹುರುಳಿಸಾರಿಗೆ ಕೈ ಒಡ್ಡುತ್ತಿದ್ದರು. ಏನೇ ಚಿತ್ರೀಕರಿಸಿದರೂ ಮೊದಲು ಅವರಿಗೇ ತೋರಿಸುವುದು. "ನೋಡ್ಕೊಳಮ್ಮ, ಬೇಡ ಅಂದ್ರೆ ಅಳಿಸ್ಬುಡ್ತೀನಿ." ಅಷ್ಟು ವರ್ಷ ಪಾಠ ಮಾಡಿದ ನನ್ನನ್ನು ಆ ಸಾಲಿಗೆ ಯಾರೂ ಒಮ್ಮೆಯೂ ಕರೆದಿರಲಿಲ್ಲ. ನನಗೆ ಹೊಟ್ಟೆ ಉರಿಯಿತು.

ಮೊದಲ ವಿಡಿಯೊ ಬಳೆಯದು. ಯಂತ್ರದ ಹತ್ತಿರ ಗಾಜಿನ ಬಳೆ ಅಪಾಯ. ಮದುವೆಯಾದವರು ಬಳೆ ಬಿಚ್ಚುವುದಿಲ್ಲ. ಹಾಗಾಗಿ ಮೊಣಕೈವರೆಗೆ ಸರಿಸಿ ಬಟ್ಟೆಪಟ್ಟಿ ಬಿಗಿಯುವುದು ನಮ್ಮಲ್ಲಿನ ರೂಢಿ. ಪುಷ್ಪಲತಾ ಬರೀ ಕೈಗಳನ್ನು ತೆಗೆದು, ಮೇಲೆ ನನ್ನ ಧ್ವನಿ ಕೂರಿಸಿದರು. ತೆರೆಯ ಮೇಲೆ ಕೈ ಬಂದದ್ದೇ ತಡ, "ಅಯ್ಯೋ, ಇದು ನಮ್ ರತ್ನಮ್ಮನ ಕೈ ಕಣೇ", "ಆ ಉಂಗುರ ನಂದು" ಎಂದು ಗದ್ದಲ. ಪಾಠ ಯಾರ ಕಿವಿಗೂ ಬೀಳಲಿಲ್ಲ. ಪುಷ್ಪಲತಾ ಅವರ ಮುಖ ಸಪ್ಪಗಾಯಿತು. ನಾನು ಆ ಸಂಜೆ ಸರಸ್ವತಿಪುರಂನಲ್ಲಿ ಇಳಿದು ಮಸಾಲೆದೋಸೆ ತಿಂದು ಮನೆಗೆ ಹೋದೆ.

ಮರುವಾರ ಬಂದು, "ಬೇಜಾರ್ ಮಾಡ್ಕೋಬೇಡಿ ಸಾರ್, ನಿಮ್ ಮಾತು ತೆಗೆದ್ಬುಟ್ಟೆ" ಎಂದರು.

"ಮಾತಿಲ್ಲದ್ದು ಎಂಥ ಪಾಠ ಮೇಡಂ?"

"ಕೈ ನೋಡೋವಾಗ ಕಿವಿ ಕೇಳ್ಸಲ್ಲ ಸಾರ್. ನೋಡಿ ಮುಗಿಸ್ಲಿ, ಆಮೇಲೆ ನೀವು ಮಾತಾಡಿ."

ಈಗ ತೆರೆಯ ಮೇಲೆ ಬಳೆಯ ಸದ್ದು ಮಾತ್ರ. ಒಂದು ಸಲ ನೋಡಿ ಗುರುತು ಹಿಡಿದು ನಕ್ಕರು. ಎರಡನೆಯ ಸಲ ಸುಮ್ಮನೆ ನೋಡಿದರು. ಮೂರನೆಯದು ಮುಗಿಯುವ ಮೊದಲೇ ಹೊಸಬರು ಒಬ್ಬರಿಗೊಬ್ಬರು ಪಟ್ಟಿ ಬಿಗಿಯುತ್ತಿದ್ದರು. ಆಮೇಲೆ ಪ್ರಶ್ನೆಗಳು ಶುರುವಾದವು. ಬೆವರಿಗೆ ಪಟ್ಟಿ ಜಾರಿದರೆ? ಬಸುರಿಯ ಬಳೆ ಬಿಗಿಯಾಗಿದ್ದರೆ? ಎಲ್ಲ ನನಗೇ. ಅಷ್ಟು ವರ್ಷ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನನ್ನ ತರಗತಿ ಉಳಿಯಿತು, ಅದೂ ಪುಷ್ಪಲತಾ ಅವರಿಂದ ಎಂಬುದೇ ನನಗೆ ಸಹಿಸಲಾಗದ ಮಾತಾಯಿತು.

ಅಲ್ಲಿಂದ ಪ್ರತಿ ವಿಡಿಯೊಗೂ ಜಗಳ. ವಿಡಿಯೊದ ಕೊನೆಗೆ ನನ್ನ ಧ್ವನಿಯಲ್ಲಿ ನಾನು ನಾಲ್ಕು ವಾಕ್ಯ ಕೇಳಿದರೆ ಅವರು ಒಂದು ಕೊಡುತ್ತಿದ್ದರು. ಜಗಳ ಮುಗಿಯದೆ ಡಬ್ಬಿ ಹಿಡಿದುಕೊಂಡೇ ಅವರ ಹಿಂದೆ ಹೋಗಿ, ನಾನೂ ಆ ಸಾಲಿನಲ್ಲಿ ಊಟಕ್ಕೆ ಕೂರುವ ಹಾಗಾಯಿತು.

ಎರಡು ವರ್ಷಕ್ಕೆ ತುಮಕೂರಿನ ಕಡೆಯ ದೊಡ್ಡ ಕಾರ್ಖಾನೆಯೊಂದು ಅವರನ್ನು ಕರೆಯಿತು, ಹೋದರು. ಈಗ ವಿಡಿಯೊ ಹಾಕುವವನೂ ನಾನೇ. ಬೇಕಾದಷ್ಟು ವಾಕ್ಯ ಸೇರಿಸಬಹುದು, ತಡೆಯುವವರಿಲ್ಲ. ಒಂದನ್ನೂ ಸೇರಿಸಿಲ್ಲ.

ಹೋದ ತಿಂಗಳು ಫೋನ್ ಮಾಡಿದ್ದರು. "ಇಲ್ಲೂ ಒಬ್ರು ಹಿರೀರಿದಾರೆ ಸಾರ್, ಮೈಕ್ ಸಿಕ್ಕಿದ್ರೆ ಬುಡೋದೇ ಇಲ್ಲ. ದಿನಾ ಜಗಳ ನಮ್ದು, ಊಟಕ್ಕೆ ಕೂತ್ರೂ ಅದೇ" ಎಂದು ನಕ್ಕರು. ನಾನೂ ನಕ್ಕು, "ಒಳ್ಳೇದಾಯ್ತು ಮೇಡಂ" ಎಂದು ಫೋನಿಟ್ಟೆ.

ಆ ಮನುಷ್ಯ ಯಾರೋ, ಹೆಸರೂ ಗೊತ್ತಿಲ್ಲ. ಅವನನ್ನು ಕಂಡರೆ ನನಗಾಗುವುದಿಲ್ಲ.