ಬಾನೆಟ್ಟಿನ ಹೊಳಪು

ಜೀಪಕ್ಕನನ್ನು ಹಟಮಾರಿ ಎಂದವರು ಬಹಳ ಜನ. ಅವರಲ್ಲಿ ಅರ್ಧಕ್ಕರ್ಧ ಜನ ಅವಳ ಜೀಪಿನಲ್ಲೇ ಕೂತು ಆ ಮಾತು ಆಡಿದವರು. ಊರು ಮುಗಿದ ಮೇಲೆ ಕಲ್ಲುಗಣಿ, ಗಣಿ ದಾಟಿದರೆ ಮುಳ್ಳುಪೊದೆಗಳ ನಡುವೆ ಏರುವ ಒಂದು ಹಾದಿ, ಹಾದಿಯ ತುದಿಯಲ್ಲಿ ನಲವತ್ತು ಮನೆ. ಆ ಮನೆಗಳಿಗೆ ಗ್ಯಾಸ್ ಸಿಲಿಂಡರು, ದಿನಸಿ ಮೂಟೆ, ಔಷಧಿ ಹೋಗುವುದೂ, ಅಲ್ಲಿಂದ ಗರ್ಭಿಣಿಯರು, ಶಾಲೆ ಮಕ್ಕಳು ಇಳಿದು ಬರುವುದೂ ಅವಳ ಜೀಪಿನಲ್ಲೇ. ಬೇರೆ ಗಾಡಿಯವರು ಮೊದಲ ಬಂಡೆ ಕಂಡೊಡನೆ ದೂರದಿಂದಲೇ ಕೈಮುಗಿದು ಹಿಂದಿರುಗುತ್ತಾರೆ. ಇವಳು ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಹತ್ತಿ ಇಳಿಯುತ್ತಿದ್ದಾಳೆ. ಈಗ ವಯಸ್ಸು ಐವತ್ತೆಂಟು. ಎಡಗಾಲಿನ ಮಂಡಿ ಆಗಾಗ ತಕರಾರು ತೆಗೆಯುತ್ತದೆ, ಆದರೆ ಕ್ಲಚ್ಚಿನ ವಿಷಯದಲ್ಲಿ ಮಂಡಿಯ ಅಭಿಪ್ರಾಯವನ್ನು ಅವಳು ಕೇಳುವುದಿಲ್ಲ.

ಗಂಡ ಇನ್ನೊಂದೂರಲ್ಲಿ ಇನ್ನೊಂದು ಸಂಸಾರ ಹೂಡಿದಾಗ ಅವಳಿಗೆ ಮೂವತ್ತೆಂಟು. ಅವಳು ಅತ್ತಿದ್ದನ್ನು ಯಾರೂ ನೋಡಿಲ್ಲ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ, ಗಣಿಯವರು ಹರಾಜಿಗಿಟ್ಟ ಹಳೆಯ ಜೀಪೊಂದನ್ನು ಕೊಂಡುಕೊಂಡಳು. ಖಾಲಿ ಮೈದಾನದಲ್ಲಿ ಓಡಿಸಲು ಕಲಿಸಿದವನು ಅವಳ ತಮ್ಮ. ಅವಳಿಗೆ ಆಗ ಲೈಸೆನ್ಸ್ ಇರಲಿಲ್ಲವೆಂದು ಜೀಪಿನ ಕಾಗದಪತ್ರವನ್ನೆಲ್ಲ ಅವನ ಹೆಸರಿಗೇ ಮಾಡಿಸಿದರು. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡರು. ಅಕ್ಕ ತಮ್ಮಂದಿರ ನಡುವಿನ ಆ 'ಆಮೇಲೆ' ಇಪ್ಪತ್ತು ವರ್ಷ ಬರಲೇ ಇಲ್ಲ.

ಆ ಜೀಪಿಗೆ ಮೊದಲು ಬಣ್ಣ ಹೊಡೆದವನು ಕನ್ನಡಿ ಮೇಸ್ತ್ರಿ. ಅವನು ಬಣ್ಣ ಹೊಡೆದ ಗಾಡಿಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು, ಅದಕ್ಕೇ ಆ ಹೆಸರು. ಹಸಿರು ಬಣ್ಣ ಹಚ್ಚಿ, ಮೂರು ದಿನ ಉಜ್ಜಿ, ಮೇಲೆ ಪಾಲಿಶ್ ಕೊಟ್ಟು ಕಳಿಸಿದ್ದ. ಅಕ್ಕಪಕ್ಕದ ಬಣ್ಣವನ್ನು ಮುಳ್ಳುಗಳು ಆರು ತಿಂಗಳಲ್ಲಿ ತಿಂದುಹಾಕಿದವು. ಬಾನೆಟ್ಟಿನ ಹೊಳಪು ಮಾತ್ರ ಹೇಗೋ ಉಳಿದಿತ್ತು. ಪ್ರತಿ ಭಾನುವಾರ ಅವಳು ಅದನ್ನು ಒರೆಸುತ್ತಿದ್ದಳು, ಮೇಸ್ತ್ರಿ ಎದುರಿಗೆ ಸಿಕ್ಕಾಗಲೆಲ್ಲ ಮಾತಿಗೆ ಮುಂಚೆ ಅದನ್ನೇ ನೋಡುತ್ತಿದ್ದ.

ಉಳಿದ ಮೈಯೆಲ್ಲ ತುಕ್ಕು. ಹೋದ ತಿಂಗಳು ಹಿಂದಿನ ಸೀಟಿನ ಅಜ್ಜ ಊರಿದ ಕೋಲು ಜೀಪಿನ ನೆಲವನ್ನು ತೂತು ಮಾಡಿಕೊಂಡು ರಸ್ತೆಗಿಳಿಯಿತು. ಅಜ್ಜ ಬಚಾವಾದ, ಕೋಲು ಮುರಿಯಿತು. ಈ ಸುದ್ದಿ ಜೀಪಿಗಿಂತ ಬೇಗ ಊರು ತಲುಪಿತು. ಆ ಸಂಜೆಯೇ ತಮ್ಮ ಬಂದು ಕೂತ. ಹೆದ್ದಾರಿ ಹೋಟೆಲಿನ ಯಜಮಾನರಿಗೆ ಒಂದು ಹಳೇ ಜೀಪು ಬೇಕಂತೆ, ಬಾಗಿಲಲ್ಲಿ ನಿಲ್ಲಿಸಿದರೆ ಬಂದವರು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಮುಂದಿನ ಭಾನುವಾರ ನೋಡಲು ಬರುತ್ತಾರೆ, ಅಷ್ಟರೊಳಗೆ ಕೆಂಪು ಬಣ್ಣ ಹೊಡೆಸಿಬಿಡೋಣ ಎಂದ. ಸಾಕು ದುಡಿದದ್ದು, ಇನ್ನು ಕೂತು ಉಣ್ಣು ಎಂದೂ ಸೇರಿಸಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳ ಸುಲಭವಾಗುತ್ತಿತ್ತು.

"ಕೂತ್ಕೊಂಡು ಉಣ್ಣೋಕೆ ನಂಗೇನು ಕಾಲು ಮುರಿದಿದ್ಯಾ?" ಎಂದು ಕೇಳಿದಳು ಜೀಪಕ್ಕ.

"ಗಾಡಿ ನನ್ನ ಹೆಸರಲ್ಲಿದೆ ಅಕ್ಕ," ಎಂದ ತಮ್ಮ, ನೆಲ ನೋಡುತ್ತ.

ಇಪ್ಪತ್ತು ವರ್ಷದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಮರುದಿನ ಅವಳು ಜೀಪನ್ನು ಸೀದಾ ಮೇಸ್ತ್ರಿಯ ಶೆಡ್ಡಿಗೆ ಒಯ್ದಳು. ಬಣ್ಣ ಬೇಡ, ಪಿಕಪ್ ಗಾಡಿಗಳಲ್ಲಿ ಸಾಮಾನು ಹೇರುವ ತೊಟ್ಟಿಗೆ ಬಳಿಯುತ್ತಾರಲ್ಲ, ಕಲ್ಲು ಕಬ್ಬಿಣ ಎಸೆದರೂ ಜಗ್ಗದ ಆ ದಪ್ಪ ಕರಿ ಲೇಪ, ಅದನ್ನೇ ಇಡೀ ಮೈಗೆ ಹಚ್ಚು ಎಂದಳು.

ಮೇಸ್ತ್ರಿಯ ಮುಖ ಹುಳಿ ಕಚ್ಚಿದವನಂತಾಯಿತು. ಅದು ತೊಟ್ಟಿಗೆ ಹಚ್ಚುವ ಲೈನರು, ಮೈಗೆ ಹಚ್ಚುವುದಲ್ಲ, ಎಮ್ಮೆ ಚರ್ಮದ ಹಾಗೆ ಕಾಣುತ್ತದೆ ಎಂದ. ಎಮ್ಮೆ ಮುಳ್ಳುಪೊದೆಗೆ ನುಗ್ಗಿ ಬಂದು ಅತ್ತಿದ್ದನ್ನು ನೋಡಿದ್ದೀಯಾ ಎಂದು ಅವಳು ಕೇಳಿದಳು. ವಾದದಲ್ಲಿ ಗೆಲ್ಲಲಾರದೆ ಅವನು ಮೂರು ತಗಡಿನ ತುಂಡುಗಳನ್ನು ತಂದಿಟ್ಟ. ಒಂದಕ್ಕೆ ರೋಲರಿನಲ್ಲಿ ಬಳಿದ ಲೇಪ, ಇನ್ನೊಂದಕ್ಕೆ ಡಬ್ಬಿಯಿಂದ ಸಿಂಪಡಿಸಿದ್ದು, ಮೂರನೆಯದು ಎರಡು ದ್ರಾವಣ ಬೆರೆಸಿ ಸ್ಪ್ರೇ ಗನ್ನಿನಲ್ಲಿ ಹೊಡೆಯುವಂಥದ್ದು. ಕಣ್ಣಳತೆಯಲ್ಲೇ ಆರಿಸಿಕೊಂಡು ಹೋಗಲಿ ಎಂದು ಅವನ ಲೆಕ್ಕ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದವಳು ಜೀಪಕ್ಕ. ಕರ್ರಗಿರುವುದನ್ನೂ ಅವಳು ಹಾಗೆಲ್ಲ ನಂಬುವುದಿಲ್ಲ.

ಮೂರೂ ತಗಡುಗಳಿಗೆ ತೂತು ಕೊರೆಸಿ, ತಂತಿಯಲ್ಲಿ ಜೀಪಿನ ಎಡಗಡೆಗೆ, ಮುಳ್ಳು ಹೆಚ್ಚು ತಾಗುವ ಕಡೆಗೆ ಕಟ್ಟಿಕೊಂಡು ನಾಲ್ಕು ದಿನ ಓಡಾಡಿದಳು. ದಾರಿಯುದ್ದಕ್ಕೂ ತಗಡುಗಳ ಲಟಲಟ ಸದ್ದು. ಮಕ್ಕಳಿಗೆ ಅದೇ ಬ್ಯಾಂಡ್ ಸೆಟ್ಟು. ರೋಲರಿನದು ಎರಡನೇ ದಿನವೇ ಅಂಚಿನಿಂದ ಬಿಟ್ಟುಕೊಂಡಿತು. ಡಬ್ಬಿಯದು ಗಟ್ಟಿಯಾಗಿತ್ತು, ಆದರೆ ಮುಳ್ಳಿನ ಗೆರೆಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ಗನ್ನಿನದರ ಮೇಲೆ ಉಗುರಿನಲ್ಲಿ ಕೆರೆದಳು, ಕೀಲಿಕೈಯಲ್ಲಿ ಗೀರಿದಳು, ಕೊನೆಗೆ ಬಂಡೆಯ ಮೇಲಿಟ್ಟು ಸುತ್ತಿಗೆಯಲ್ಲಿ ಬಾರಿಸಿದಳು. ತಗಡು ತಗ್ಗಾಯಿತು, ಲೇಪ ಅದರ ಜೊತೆಯಲ್ಲೇ ತಗ್ಗಿತು, ಬಿಡಲಿಲ್ಲ. ಒಂದೇ ಕೊರತೆ, ಅದರ ಒರಟಿಗೆ ಮಕ್ಕಳ ಮೊಣಕಾಲು ತರಚುತ್ತಿತ್ತು. ಹೊರಗೆಲ್ಲ ದಪ್ಪ ಕಣದ ಲೇಪ, ಹತ್ತಿ ಇಳಿಯುವ ಕಡೆ ಸಣ್ಣ ಕಣದ್ದು ಎಂದು ಅವಳು ತೀರ್ಮಾನ ಕೊಟ್ಟಳು. ತುಕ್ಕು ಹಿಡಿದ ತಗಡನ್ನು ಮೊದಲು ಕತ್ತರಿಸಿ ತೆಗೆದು ಹೊಸದು ಬೆಸೆಯಬೇಕು, ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದರೆ ಒಳಗೆ ಕೊಳೆಯುತ್ತದೆ ಎಂದೂ ತಾಕೀತು ಮಾಡಿದಳು.

ಅತ್ತ ತಮ್ಮ ಮೇಸ್ತ್ರಿಯ ಕಿವಿ ಕಚ್ಚುತ್ತಿದ್ದ. ಲೈನರು ಹಚ್ಚಿದರೆ ಹೋಟೆಲಿನವರು ಮುಟ್ಟಿಯೂ ನೋಡುವುದಿಲ್ಲ, ಏನಾದರೂ ನೆಪ ಹೇಳಿ ತಳ್ಳು ಎನ್ನುತ್ತಿದ್ದ. ಮೇಸ್ತ್ರಿಗೆ ಅತ್ತ ದರಿ, ಇತ್ತ ಪುಲಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಬ್ಬರಿಗೂ 'ಆಯ್ತು' ಎಂದ. ಭಾನುವಾರಕ್ಕೆ ಕೆಲಸ ಮುಗಿಯುವುದಿಲ್ಲವೆಂದು ಹೋಟೆಲಿನವರ ಭೇಟಿ ಒಂದು ವಾರ ಮುಂದೆ ಹೋಯಿತು. ಜೀಪಕ್ಕ ಮಾತ್ರ ಶೆಡ್ಡಿನ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತದ್ದರಿಂದ ಅವನು ಕೈ ಹಚ್ಚಲೇಬೇಕಾಯಿತು.

ಲೈನರು ಹಿಡಿಯಬೇಕಾದರೆ ಕೆಳಗಿನ ಹೊಳಪೆಲ್ಲ ಸಾಯಬೇಕು. ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಇಡೀ ಮೈ ಮಂಕಾಗಬೇಕು. ನಯವಾದ ಜಾಗದ ಮೇಲೆ ಅದು ನಿಲ್ಲುವುದಿಲ್ಲ. ಮೇಸ್ತ್ರಿ ಬಾಗಿಲು ಉಜ್ಜಿದ, ಮಡ್‌ಗಾರ್ಡು ಉಜ್ಜಿದ, ಮಳೆನೀರು ಇಳಿಯುವ ತೂತುಗಳು ಮುಚ್ಚದಿರಲೆಂದು ಬೆಂಕಿಕಡ್ಡಿ ಸಿಕ್ಕಿಸಿದ. ಬಾನೆಟ್ಟಿನ ಸರದಿ ಬರುವ ಹೊತ್ತಿಗೆ ಜೀಪಕ್ಕ ಚಹಾ ತರಲು ಹೋಗಿದ್ದಳು. ಅವಳು ಬಂದಾಗ ಗನ್ನು ಓಡುತ್ತಿತ್ತು.

ಎರಡು ದಿನ ಒಣಗಿದ ಮೇಲೆ, ಶನಿವಾರ ಬೆಳಿಗ್ಗೆ ಅವಳು ಹಾದಿ ಹತ್ತಿದಳು. ಮುಳ್ಳುಗಳು ಎರಡೂ ಬದಿ ಕರಕರ ಉಜ್ಜಿದರೂ ಒಂದು ಗೆರೆ ಬೀಳಲಿಲ್ಲ. ಮೂರನೇ ತಿರುವಿನಲ್ಲಿ ಬಾಗಿದ ಕೊಂಬೆಯೊಂದು ಬಾನೆಟ್ಟಿನ ಅಂಚಿಗೆ ಕೊಕ್ಕೆ ಹಾಕಿತು. ಹಾಲಿನ ಕೆನೆ ಎದ್ದಂತೆ ಅರ್ಧ ಬಾನೆಟ್ಟಿನ ಲೇಪ ಎದ್ದುಬಂತು. ಅದರ ಕೆಳಗೆ ಇಪ್ಪತ್ತು ವರ್ಷದ ಹಸಿರು ಹೊಳಪು ಏನೂ ಆಗಿಲ್ಲವೆಂಬಂತೆ ಮಿನುಗುತ್ತಿತ್ತು.

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಒಪ್ಪಿಕೊಂಡ. ಬಾನೆಟ್ಟಿಗೆ ತೋರಿಕೆಗೆ ಒಂದು ಸಲ ಪೇಪರು ಸವರಿದ್ದನಂತೆ, ಉಜ್ಜಲು ಕೈ ಬರಲಿಲ್ಲವಂತೆ. ಅವನ ಕೈಯ ಕೆಲಸದಲ್ಲಿ ಆ ಊರಿನಲ್ಲಿ ಉಳಿದಿದ್ದ ಹಳೆಯ ಹೊಳಪು ಅದೊಂದೇ. ತಮ್ಮನಿಗೆ ನಗು ತಡೆಯಲಾಗಲಿಲ್ಲ. ಹೋಟೆಲಿನ ಯಜಮಾನರು ಕಪ್ಪು ಮೈಯನ್ನು ನೋಡಿ ಮೂಗು ಮುರಿದವರು, ಬಾನೆಟ್ಟಿನ ಮುಂದೆ ನಿಂತು ಅರಳಿದರು. ಉಳಿದದ್ದು ಹೇಗಾದರೂ ಇರಲಿ, ಮುಂಭಾಗ ಇಷ್ಟು ಸಾಕು, ಹೀಗೇ ಸಿಪ್ಪೆ ಕಿತ್ತುಕೊಡಿ, ಇವತ್ತೇ ಒಯ್ಯುತ್ತೇವೆ ಎಂದರು. ತಮ್ಮ ತನ್ನ ಜೇಬಿನಿಂದ ಜೀಪಿನ ಕಾಗದಪತ್ರ ತೆಗೆದ.

ಜೀಪಕ್ಕ ಬಾನೆಟ್ಟಿನ ಮೇಲೆ ಬಗ್ಗಿದಳು. ಅದರಲ್ಲಿ ಅವಳ ಮುಖ ಕಾಣುತ್ತಿತ್ತು, ನೆರೆತ ಕೂದಲಿನ ಸಮೇತ. ಈ ಹೊಳಪನ್ನು ಅವಳೂ ಪ್ರೀತಿಸಿದ್ದಳು. ಗಂಡ ಬಿಟ್ಟುಹೋದ ವರ್ಷ ಅವಳ ಹತ್ತಿರ ಹೊಳೆಯುತ್ತಿದ್ದದ್ದು ಇದೊಂದೇ. ಮೇಸ್ತ್ರಿಯ ಮೇಜಿನಿಂದ ಎಮರಿ ಪೇಪರು ತೆಗೆದುಕೊಂಡು, ಕಂಡ ಮುಖದ ಮೇಲೇ ಅಡ್ಡಡ್ಡವಾಗಿ ಉಜ್ಜತೊಡಗಿದಳು.

ಯಜಮಾನರು ನಿಲ್ಲಿಸಿ ನಿಲ್ಲಿಸಿ ಎಂದು ಮುಂದೆ ಬಂದರು. ಅವಳು ತಲೆ ಎತ್ತಲಿಲ್ಲ. ಹಸಿರು ಹಿಟ್ಟು ಸೀರೆಯ ಮೇಲೆಲ್ಲ ಉದುರಿತು, ಭುಜ ನೋಯತೊಡಗಿತು, ಅರ್ಧ ಬಾನೆಟ್ಟು ಸ್ಲೇಟಿನಂತೆ ಮಂಕಾಯಿತು. ಯಜಮಾನರು ತಮ್ಮನ ಕಡೆ ಒಮ್ಮೆ ನೋಡಿ, ಬೇರೆ ಜೀಪು ಸಿಗುತ್ತದೆ ಬಿಡಿ ಎಂದು ಕಾರು ಹತ್ತಿದರು.

"ಇನ್ನು ಇದನ್ನ ಯಾರೂ ಕೊಳ್ಳಲ್ಲ ಅಕ್ಕ," ಎಂದ ತಮ್ಮ. ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

"ಅದಕ್ಕೇ ಹಚ್ಚಿಸ್ತಿರೋದು. ಕಾಗದ ನಿನ್ನ ಹತ್ರಾನೇ ಇಟ್ಕೋ. ಬೆಚ್ಚಗಿರುತ್ತೆ."

ಮೇಸ್ತ್ರಿ ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ. ಬಂದು ಅವಳ ಕೈಯಿಂದ ಪೇಪರು ತೆಗೆದುಕೊಂಡ. "ಕೊಡಿ ಅಕ್ಕ. ಹೊಳಪು ಕೊಟ್ಟವನು ನಾನು, ತೆಗೆಯೋನೂ ನಾನೇ ಆಗ್ಲಿ," ಎಂದು ಉಳಿದ ಅರ್ಧದ ಸಿಪ್ಪೆ ಕಿತ್ತು ತಾನೇ ಉಜ್ಜಿದ. ಮೂಲೆಗಳನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾನೆಟ್ಟು ಮತ್ತೆ ಕಪ್ಪಾಯಿತು.

ಎರಡು ದಿನ ಒಣಗಲು ಬಿಟ್ಟು, ಬುಧವಾರ ಬೆಳಿಗ್ಗೆ ಆರಕ್ಕೆ ಜೀಪಕ್ಕ ಹೊರಟಳು. ಹಾದಿ ತಮ್ಮನ ಮನೆ ಮುಂದಿನಿಂದಲೇ ಹೋಗುತ್ತದೆ. ಅವನ ಕಿಟಕಿಯ ನೇರಕ್ಕೆ ಬಂದಾಗ ಅವಳು ಉದ್ದಕ್ಕೆ ಒಂದು ಹಾರ್ನ್ ಹೊಡೆದಳು. ರಸ್ತೆಯಲ್ಲಿ ಒಂದು ನಾಯಿಯೂ ಅಡ್ಡ ಬಂದಿರಲಿಲ್ಲ.