ರೊಟ್ಟಿ ದೊಡ್ಡವ್ವನ ಬೆನ್ನು

ಕಾದ ಕಲ್ಲುಪ್ಪನ್ನು ಹಳೆ ಧೋತ್ರದ ತುಂಡಿನಲ್ಲಿ ಕಟ್ಟಿದರೆ ಬಟ್ಟೆ ಸಣ್ಣಗೆ ಸೀದ ವಾಸನೆ ಬರುತ್ತದೆ. ವೇಬ್ರಿಡ್ಜಿನಲ್ಲಿ ದಿನವಿಡೀ ಕೂತು ಅದಿರಿನ ಲಾರಿಗಳ ತೂಕ ಬರೆದು ನನ್ನ ಹೆಗಲ ಹಿಂಭಾಗ ಹಿಡಿದುಕೊಂಡಿತ್ತು. ನಿನ್ನೆ ಸಂಜೆ ಅವ್ವ ಉಪ್ಪಿನ ಗಂಟು ಕಾಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆಯ ರೊಟ್ಟಿ ದೊಡ್ಡವ್ವ ನೆನಪಾದಳು...

ಆಕೆ ನಮಗೆ ನೆಂಟಳಲ್ಲ. ಸಂಡೂರು ರಸ್ತೆಯ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಲಾರಿಗಳ ಸಾಲು ಕರಗದ ಕಾಲ ಅದು. ಡ್ರೈವರುಗಳ ಊಟಕ್ಕೆ ಹೊತ್ತೆಂಬುದಿರಲಿಲ್ಲ, ದೊಡ್ಡವ್ವನ ಕೈಗೆ ಬಿಡುವೆಂಬುದಿರಲಿಲ್ಲ. ಬಾಗಿ ಕೂತು ಬಡಿದೂ ಬಡಿದೂ ಹೆಗಲ ಹಲಗೆಗಳ ನಡುವೆ ಗಂಟು ಕಟ್ಟಿದಂಥ ನೋವು. ಮನೆಗೆ ಬಂದವಳೇ ಬಾಗಿಲ ಚೌಕಟ್ಟಿಗೆ ಎರಡೂ ಕೈಯೂರಿ, ಎದೆ ಮುಂದೆ ಮಾಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಆಮೇಲೆ ಬಿಸಿ ಹರಳೆಣ್ಣೆ, ಉಪ್ಪಿನ ಕಾವು. ಅದಕ್ಕೂ ಬಗ್ಗದಿದ್ದರೆ ನಾನು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದದಿಂದ ಬೆನ್ನು ಸವರಿದರೆ ಹಿಡಿತ ಬಿಡುತ್ತದೆಂದು ನಮ್ಮ ಓಣಿಯವರ ನಂಬಿಕೆ. ಬೆಳಗ್ಗೆ ಎದ್ದ ಕೂಡಲೇ ದೊಡ್ಡವ್ವ ನಮ್ಮ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂರುತ್ತಿದ್ದಳು. ನಾನು ಹಿಂದೆ ನಿಂತು ಹಿಮ್ಮಡಿಯಿಂದ ಮೇಲಿನಿಂದ ಕೆಳಕ್ಕೆ ಸವರಬೇಕು. ಮುಗಿಯುವವರೆಗೆ ಇಬ್ಬರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಗುಣವಾಗುವುದಿಲ್ಲವಂತೆ.

ಹಿರಿಯಳ ಮೈಗೆ ಕಾಲು ತಾಗಿಸಲು ಮೊದಮೊದಲು ನನಗೆ ಮುಜುಗರವಾಗುತ್ತಿತ್ತು.

“ನಾಚ್ಕಿ ಯಾಕವ್ವಾ? ಹುಟ್ಟುವಾಗ ಆ ಕಾಲಿಂದ ನಿಮ್ಮವ್ವಗ ಭಾಳ ತ್ರಾಸು ಕೊಟ್ಟೀದಿ. ನನಗಾರ ಸುಖ ಆಗ್ಲಿ!” ಎಂದು ಆಕೆ ನಗುತ್ತಿದ್ದಳು.

ನಿಜಕ್ಕೂ ಆಕೆಗೆ ಆರಾಮಾಗುತ್ತಿತ್ತು. ನಮ್ಮೆಲ್ಲರನ್ನೂ ನಂಬಿಸಿದ್ದು ಅದೇ.

ದಿನಚರಿ ಬರೆಯುವ ಅಭ್ಯಾಸದಿಂದಲೋ ಏನೋ, ಆಕೆಯ ನೋವು ಹೆಚ್ಚಾದ ಆ ಬೇಸಿಗೆಯ ವಾರಗಳು ನನ್ನಲ್ಲಿ ಒಂದಕ್ಕೊಂದು ಕಲಸಿಹೋಗಿಲ್ಲ. ಮೊದಲೆಲ್ಲ ನೋವು ಕೆಲಸದ ಮೇಲೆ ಬರುತ್ತಿತ್ತು, ಮಲಗಿದರೆ ಹೋಗುತ್ತಿತ್ತು. ಆಮೇಲೆ ನೀರಿನ ಕೊಡ ಹೊತ್ತು ದಿಬ್ಬ ಹತ್ತಿದರೂ ಬರತೊಡಗಿತು. ಎಡಗಡೆಗೇ ಹೆಚ್ಚು. ಹಳೆಯ ನೋವೇ ಎಂದುಕೊಂಡೆವು. ಆಕೆಯೂ ಹಾಗೇ ಅಂದುಕೊಂಡಿದ್ದಳು.

“ಆಸ್ಪತ್ರಿಗೆ ತೋರಿಸಬಾರದೇನಕ್ಕ?” ಎಂದು ಅವ್ವ ಒಮ್ಮೆ ಕೇಳಿದಳು.

“ಒಂದಿನ ತಪ್ಪಿಸಿದ್ರ ನನ್ನ ಒಲಿ ಮುಂದ ಬ್ಯಾರೆದಾಕಿ ಬಂದು ಕುಂದರ್ತಾಳ. ಆಮ್ಯಾಲ ನನ್ನ ಬೆನ್ನು ನೆಟ್ಟಗಿದ್ರೇನು, ಸೊಟ್ಟಗಿದ್ರೇನು?” ಎಂದಳು ದೊಡ್ಡವ್ವ.

ಕೊನೆಯ ಬೆಳಗ್ಗೆ ನನ್ನ ಪಾದಕ್ಕೆ ಆಕೆಯ ಕುಪ್ಪಸ ಒದ್ದೆಯಾಗಿ ತಾಗಿತು. ಬಿಸಿಲು ಇನ್ನೂ ಏರಿರಲಿಲ್ಲ. ಏದುಸಿರು ಬಿಡುತ್ತಿದ್ದಳು. ಕೇಳೋಣವೆಂದರೆ ಮಾತಾಡುವಂತಿಲ್ಲ... ಕಾಲು ತೆಗೆದ ಕೂಡಲೇ ಕೇಳಿದೆ.

“ದೊಡ್ಡವ್ವಾ, ಇಷ್ಟ್ಯಾಕ ಬೆವತೀದಿ?”

“ಒಲಿ ಮುಂದಿನ ಮಂದಿ ನಾವು, ಬೆವರದ ಇರ್ತೀವೇನು? ಹಗುರಾತು ನೋಡು,” ಎಂದು ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟಳು.

ಮಧ್ಯಾಹ್ನ ಒಲೆ ಮುಂದೆ ಕೂತಲ್ಲೇ ಪಕ್ಕಕ್ಕೆ ವಾಲಿದಳಂತೆ. ಊಟಕ್ಕೆ ಕೂತಿದ್ದ ಡ್ರೈವರೊಬ್ಬ ತಟ್ಟೆ ಬಿಟ್ಟೆದ್ದು, ಜೀಪೊಂದನ್ನು ನಿಲ್ಲಿಸಿ, ಆಕೆಯನ್ನು ಮಲಗಿಸಿಕೊಂಡು ಹೊಸಪೇಟೆಯತ್ತ ಬಂದ. ಎದುರಿಗೆ ಲಾರಿಗಳು ಜಾಮಾಗಿ ನಿಂತಿದ್ದವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ...

ಹೃದಯದ ನೋವು ಕೆಲವರಿಗೆ ಬೆನ್ನಿನಲ್ಲೂ ಕಾಣಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ ಮಾತು ನಮ್ಮ ಓಣಿಗೆ ತಲುಪಿದ್ದು ಮಣ್ಣು ಮಾಡಿ ಬಂದ ಮೇಲೆ. ಖಾನಾವಳಿಯ ಒಲೆ ಮರುದಿನವೇ ಹೊತ್ತಿತು. ಅದರ ಮುಂದೆ ಬೇರೆಯವಳು ಕೂತಿದ್ದಳು.

ಪಕ್ಕದ ಮನೆಯಲ್ಲಿ ಈಗ ಗಣಿ ಕೆಲಸಕ್ಕೆ ಬಂದ ಬಾಡಿಗೆಯವರಿದ್ದಾರೆ. ಬೆನ್ನು ಹಿಡಿದವರು ಇಂದಿಗೂ ನನ್ನನ್ನು ಕರೆಯುತ್ತಾರೆ. ನಾನು ಹೋಗುವುದಿಲ್ಲ.

ನಿನ್ನೆ ಅವ್ವ ಗಂಟನ್ನು ಕೈಯಲ್ಲಿ ಹಿಡಿದು ಬಂದವಳು ತಕ್ಷಣ ನನ್ನ ಬೆನ್ನಿಗಿಡಲಿಲ್ಲ.

“ನಡದ್ರ ನೋಯ್ತದೇನು? ಮೆಟ್ಲು ಹತ್ತಿದಾಗ? ಉಸಿರು ಕಟ್ತದೇನು?”

“ಇಲ್ಲವ್ವ, ಕುಂತು ಬರದಾಗಷ್ಟ,” ಎಂದೆ.

ಅವ್ವ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಕಾವು ಆರುತ್ತಿತ್ತು.

“ಖರೇ ಹೇಳು,” ಎಂದಳು ಮತ್ತೆ.