ಎಡಗಡೆಯ ಸ್ಟೂಲು

ಆ ಸ್ಟೂಲನ್ನು ಅಲ್ಲಿಟ್ಟವನು ನಾನು. ಮುರುಗೇಶನಿಗೆ ಎಡಗಡೆಯದು ಕಾಣುವುದಿಲ್ಲ ಎಂದು ಗೊತ್ತಿದ್ದೇ ಇಟ್ಟೆ. ಅವನು ಮುಗ್ಗರಿಸಿ ಬಿದ್ದ, ಜನ ನಕ್ಕರು, ನಾನು ಸೊಂಟದ ಮೇಲೆ ಕೈಯಿಟ್ಟು ಅವನನ್ನು ಬೈಯುತ್ತಾ ನಿಂತೆ. ಇದನ್ನು ಮೊದಲೇ ಬರೆದುಬಿಡದಿದ್ದರೆ ಸುತ್ತಿಬಳಸಿ ಎಲ್ಲಿಗೋ ಹೋಗಿ ತಪ್ಪಿಸಿಕೊಳ್ಳುತ್ತೇನೆ — ನೋಡುವವರ ಗಮನವನ್ನು ಬೇರೆ ಕಡೆಗೆ ತಿರುಗಿಸುವುದು ನನ್ನ ಕಸುಬಾಗಿತ್ತು.

ನಾನು ಸೋಮವಾರಪೇಟೆಯವನು. ಏಲಕ್ಕಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಅಂಗಡಿಯಲ್ಲಿ ಕೂರುವುದು ಬಿಟ್ಟು ಜಾದೂ ಕಲಿತು, ಮನೆಯವರಿಂದ ಬೇಕಾದಷ್ಟು ಅನ್ನಿಸಿಕೊಂಡವನು. ಮುರುಗೇಶ ಸಿದ್ದಾಪುರದ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಬೆಳೆದವನು; ಮನೆಮಾತು ತಮಿಳು, ತಂದೆತಾಯಿ ಇಬ್ಬರೂ ಕಾಫಿ ಕೊಯ್ಯುವವರು. ಆ ಎಸ್ಟೇಟಿನಲ್ಲಿ ನಾನು ಪ್ರದರ್ಶನ ಕೊಡುವಾಗ, ಸಹಾಯಕ್ಕೆ ಯಾರಾದರೂ ಬನ್ನಿ ಎಂದು ಕರೆದೆ. ಇವನು ಬಂದ. ಬಂದವನೇ ನನ್ನ ಟೋಪಿಯನ್ನು ತಲೆಕೆಳಗು ಮಾಡಿ, ಒಳಗೆ ಅಡಗಿಸಿದ್ದನ್ನೆಲ್ಲ ನೆಲಕ್ಕೆ ಸುರಿದು, 'ಇದು ಬಿದ್ದೋಯ್ತು ಸಾರ್' ಎಂದು ಮುಗ್ಧನಾಗಿ ನಿಂತ. ನಾನು ಕೆಂಡಾಮಂಡಲವಾದೆ. ಜನ ಬಿದ್ದು ಬಿದ್ದು ನಕ್ಕರು. ನಮ್ಮ ಜೋಡಿ ಶುರುವಾದದ್ದು ಹೀಗೆ. ಕರಿ ಕೋಟಿನ ಪ್ರೊಫೆಸರ್ ನಾನು, ಎಲ್ಲವನ್ನೂ ಕೆಡಿಸುವ ಪೆದ್ದ ಅವನು. ವೇದಿಕೆಯ ಮೇಲೆ ಅವನು ನನ್ನನ್ನು 'ಲೇ ಪ್ರೊಫೆಸರ್' ಎನ್ನುತ್ತಿದ್ದ. ಕೆಳಗಿಳಿದರೆ 'ಅಣ್ಣಾ, ನೀವು'. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ನಿಜ ಹೇಳಬೇಕೆಂದರೆ ಜನ ಬರುತ್ತಿದ್ದದ್ದು ಅವನಿಗಾಗಿ, ನನ್ನ ಇಸ್ಪೀಟೆಲೆಗಾಗಿ ಅಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಆಟದ ನಡುವೆ ಏನೇ ತಪ್ಪಾದರೂ ಅದು ಮೊದಲೇ ಯೋಚಿಸಿದ್ದು ಎಂಬಂತೆ ಸಾಗಿಸಿಬಿಡಬೇಕು. ಆಮೇಲೆ, ವಾಪಸು ಬರುವ ಬಸ್ಸಿನಲ್ಲಿ, ಆ ತಪ್ಪಿನ ಪಂಚಾಯಿತಿ. ಜನ ನಕ್ಕಿದ್ದರೆ ನಾನು 'ಇಟ್ಕೊಳ್ಳೋಣ' ಎನ್ನುತ್ತಿದ್ದೆ, ನಗದಿದ್ದರೆ 'ಬಿಡೋಣ'. ಒಮ್ಮೆ ನನ್ನ ಕೋಟಿನ ಜೇಬಿನಲ್ಲಿ ಮೊಟ್ಟೆ ಒಡೆದು ಪ್ಯಾಂಟಿನವರೆಗೆ ಇಳಿಯಿತು. ಅದನ್ನೂ ಇಟ್ಟುಕೊಂಡೆವು. ಆಮೇಲೆ ಹತ್ತು ವರ್ಷ ಪ್ರತಿ ಆಟದಲ್ಲಿ ಆ ಮೊಟ್ಟೆ ಒಡೆಯಿತು, ನನ್ನ ಹೆಂಡತಿ ಪ್ರತಿ ಸಲವೂ ಕೋಟು ಒಗೆದಳು.

ಆಮೇಲೆ ಕಾಲ ಬದಲಾಯಿತು. ಶಾಲೆಯ ಮಕ್ಕಳು ಎಲ್ಲವನ್ನೂ ಮೊಬೈಲಿನಲ್ಲಿ ನೋಡಿಕೊಂಡು ಬಂದಿರುತ್ತಿದ್ದರು. ನಾನು ಕೈ ಎತ್ತುವ ಮೊದಲೇ 'ಸಾರ್, ತೋಳಲ್ಲಿದೆ!' ಎಂದು ಕೂಗುತ್ತಿದ್ದರು. ರೆಸಾರ್ಟಿನವರು ಊಟದ ಹೊತ್ತಿಗೆ ನಮ್ಮನ್ನು ಒಂದು ಮೂಲೆಯಲ್ಲಿ ನಿಲ್ಲಿಸುತ್ತಿದ್ದರು, ತಟ್ಟೆ ಚಮಚದ ಸದ್ದಿನಲ್ಲಿ ಮುರುಗೇಶನ ಮಾತು ಮುಳುಗಿಹೋಗುತ್ತಿತ್ತು. ಮುಗಿಯಿತು ನಮ್ಮ ಕಥೆ ಎಂದುಕೊಂಡಿದ್ದೆ.

ಆಗ ಚೆಟ್ಟಳ್ಳಿ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ. ನೀರಿನ ಜಗ್ ಹಿಡಿದು ಎಡಕ್ಕೆ ತಿರುಗುತ್ತಿದ್ದಂತೆ ಮುರುಗೇಶ ಪಕ್ಕದಲ್ಲೇ ಇದ್ದ ಮೈಕಿನ ಕಂಬಕ್ಕೆ ಹಣೆ ಚಚ್ಚಿಕೊಂಡ. ನೀರೆಲ್ಲ ನನ್ನ ಮೇಲೆ. ಅವನಾದರೂ ಏನು ಕಡಿಮೆ — ತಕ್ಷಣ ಕಂಬಕ್ಕೆ ಕೈಮುಗಿದು 'ಸಾರಿ ಸಾರ್, ನೀವು ನಿಂತಿದ್ದು ನೋಡ್ಲಿಲ್ಲ' ಎಂದ. ಮಕ್ಕಳು ಬೆಂಚಿನಿಂದ ಜಾರಿ ಬಿದ್ದು ನಕ್ಕರು. ಎಷ್ಟೋ ವರ್ಷದ ಮೇಲೆ ಅಂಥ ನಗು ಕೇಳಿದೆ. ನನಗೆ ಕಣ್ಣು ತುಂಬಿ ಬಂತು.

ಬಸ್ಸಿನಲ್ಲಿ ಅವನು ಹಣೆ ಒತ್ತಿಕೊಳ್ಳುತ್ತಾ ಹೇಳಿದ: 'ಅಣ್ಣಾ, ಆ ಕಂಬ ನಂಗೆ ಕಾಣ್ಲೇ ಇಲ್ಲ.'

'ಇಟ್ಕೊಳ್ಳೋಣ' ಎಂದೆ.

ಅಲ್ಲಿಂದ ಮುಂದೆ ಅವನು ಪ್ರತಿ ಆಟದಲ್ಲೂ ಎಡವಿದ. ಬೇಕೆಂದೇ ಎಡವಿದ್ದೆಷ್ಟು, ಕಾಣದೆ ಎಡವಿದ್ದೆಷ್ಟು — ಮೊದಮೊದಲು ನನಗೂ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ತಿಳಿಯುವ ಗೊಡವೆಗೆ ಹೋಗಲಿಲ್ಲ. ನಮಗೆ ಮತ್ತೆ ಕರೆ ಬರತೊಡಗಿತ್ತು.

ಡಿಸೆಂಬರಿನಲ್ಲಿ ಒಂದು ಕ್ಲಬ್ಬಿನ ಸಮಾರಂಭದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಮುಖ ಗಂಟಿಕ್ಕಿ ಕೂತಿದ್ದರು. ಆಟ ಮುಗಿದ ಮೇಲೆ ಅವರೇ ಹಿಂದಕ್ಕೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣಿನ ಡಾಕ್ಟರು. 'ನಿಮ್ಮ ಜೊತೆಗಾರರು ನಾಟಕ ಮಾಡ್ತಿಲ್ಲ. ಅವರಿಗೆ ಎದುರಿಗಿರೋದು ಕಾಣ್ತಿದೆ, ಎಡಗಡೆ ಪಕ್ಕದ್ದು ಕಾಣ್ತಿಲ್ಲ. ಕಣ್ಣಿನ ಒಳಗೆ ಒತ್ತಡ ಹೆಚ್ಚಿರಬಹುದು. ಹೋದ ನೋಟ ವಾಪಸ್ ಬರೋದಿಲ್ಲ, ಇರೋದನ್ನ ಔಷಧಿ ಹಾಕಿ ಉಳಿಸ್ಕೋಬಹುದು. ತಡ ಮಾಡ್ಬೇಡಿ, ಈ ವಾರನೇ ತೋರಿಸಿ' ಎಂದರು. ನಾನು 'ಆಯ್ತು ಸಾರ್' ಎಂದೆ. ಹತ್ತು ಹೆಜ್ಜೆ ಆಚೆ ಮುರುಗೇಶ ನಮ್ಮ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಹೋಗಿ ಹೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು.

ಹೇಳಲಿಲ್ಲ. ಶಾಲೆಗಳ ಸೀಸನ್ ಮುಗಿಯಲಿ ಎಂದುಕೊಂಡೆ. ಡಾಕ್ಟರಿಗೆ ತೋರಿಸಿದರೆ ಅವನು ಹೆದರಿ ಆಟ ಬಿಡುತ್ತಾನೆ, ಬಿಡದಿದ್ದರೂ ಹೆಜ್ಜೆ ಹೆಜ್ಜೆಗೂ ನೋಡಿಕೊಂಡು ನಡೆಯುತ್ತಾನೆ, ಜನ ನಗುವುದಿಲ್ಲ — ಹೀಗೆ ನನ್ನ ತಲೆ ಓಡಿತು. ನಗು ನಿಂತುಹೋಗುತ್ತದಲ್ಲ ಎಂದು ನಾನು ಯೋಚಿಸಿದೆ, ಅವನ ಕಣ್ಣು ಹೋಗುತ್ತದಲ್ಲ ಎಂದು ಯೋಚಿಸಲಿಲ್ಲ.

ಸ್ಟೂಲಿನ ಸಂಗತಿ ಜನವರಿಯದು. ಅಂದು ಸಭೆ ಯಾಕೋ ಮಂಕಾಗಿತ್ತು. ಮುರುಗೇಶ ಬೆನ್ನು ತಿರುಗಿಸಿದ್ದಾಗ ನಾನು ಆ ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ಅವನ ಎಡಗಡೆಗೆ ಇಟ್ಟೆ. ಅದು ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಅವನು ಉರುಳಿ ಬಿದ್ದ. ಸಭೆ ಎದ್ದು ನಕ್ಕಿತು. ಅವನ ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಅವನೂ ನಗುತ್ತಿದ್ದ.

ಅಂದು ಬಸ್ಸಿನಲ್ಲಿ ಸಿದ್ದಾಪುರ ಹತ್ತಿರವಾಗುವವರೆಗೆ ಅವನು ಮೊಣಕಾಲಿಗೆ ಕರವಸ್ತ್ರ ಒತ್ತಿ ಹಿಡಿದಿದ್ದ. ಆಮೇಲೆ ಕೇಳಿದ.

'ಅಣ್ಣಾ, ನಿಜ ಹೇಳಿ. ನಾನು ಬೇಕಂತ ಬೀಳ್ತಾ ಇದೀನಾ, ಇಲ್ಲ ಸುಮ್ನೆ ಬೀಳ್ತಾ ಇದೀನಾ? ನಂಗೇ ಗೊತ್ತಾಗ್ತಿಲ್ಲ.'

ಇಪ್ಪತ್ತಾರು ವರ್ಷದಲ್ಲಿ ಅವನು ನನ್ನನ್ನು ನೇರವಾಗಿ ಕೇಳಿದ್ದು ಅದೊಂದೇ ಪ್ರಶ್ನೆ. ಉತ್ತರ ನನ್ನ ಬಳಿ ಇತ್ತು, ಡಾಕ್ಟರ ಮಾತಿನಲ್ಲೇ ಇತ್ತು. ನಾನು ಅವನ ಬೆನ್ನು ತಟ್ಟಿ, 'ಅಭ್ಯಾಸ ಆಗೋಗಿದೆ ಕಣೋ ಮಾರಾಯ. ನಿನ್ನಷ್ಟು ಚೆಂದ ಬೀಳೋನು ಕೊಡಗಲ್ಲೇ ಇಲ್ಲ' ಎಂದೆ. ಅವನು ನಂಬಿದ. ಸಮಾಧಾನದಿಂದ ಸೀಟಿಗೆ ಒರಗಿ ನಿದ್ದೆ ಹೋದ.

ಸೀಸನ್ ಮುಗಿಯಿತು, ಮಳೆಗಾಲ ಬಂತು. ಆಟವಿಲ್ಲದ ಮೂರು ತಿಂಗಳು. ಆಗಲಾದರೂ ಹೇಳಬಹುದಿತ್ತು. ಆದರೆ ಈಗ ಹೇಳಿದರೆ ಡಿಸೆಂಬರಿನಿಂದ ಗೊತ್ತಿತ್ತು ಎಂಬುದನ್ನೂ ಹೇಳಬೇಕು... ಒಂದೊಂದು ವಾರ ತಡವಾದಂತೆಲ್ಲ ನಾಲಿಗೆ ಇನ್ನಷ್ಟು ಭಾರವಾಯಿತು. ಮಳೆ ನಿಂತ ಮೇಲೆ ಮೊದಲ ಆಟದಲ್ಲೇ ಅವನು ವೇದಿಕೆಯ ಅಂಚು ಕಾಣದೆ ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡ. ಜನ ಅದಕ್ಕೂ ನಕ್ಕರು. ಮೈಸೂರಿನ ಆಸ್ಪತ್ರೆಯಲ್ಲಿ ಕೈಯ ಜೊತೆ ಕಣ್ಣನ್ನೂ ನೋಡಿದರು. ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿನಲ್ಲಿ ಒಂದಿಷ್ಟು ಬೆಳಕು ಉಳಿದಿತ್ತು. ಅದೂ ಮುಂದಿನ ವರ್ಷದೊಳಗೆ ಹೋಯಿತು. ಒಂದು ವರ್ಷ ಮೊದಲೇ ಬಂದಿದ್ದರೆ ಎಂದು ಅಲ್ಲಿಯ ಡಾಕ್ಟರು ಅವನ ಹೆಂಡತಿ ಸೆಲ್ವಿಯನ್ನು ಗದರಿಸಿದರು. ಅವಳು ತಲೆ ತಗ್ಗಿಸಿ ನಿಂತಳು. ಪಕ್ಕದಲ್ಲಿ ನಾನೂ ಇದ್ದೆ.

ಮಂಚದ ಮೇಲಿದ್ದ ಮುರುಗೇಶ ನನ್ನ ಕೈ ಹುಡುಕಿ ಹಿಡಿದುಕೊಂಡ. 'ನನ್ನಿಂದ ನಿಮ್ಮ ಆಟ ನಿಂತೋಯ್ತಲ್ಲ ಅಣ್ಣಾ. ತಪ್ಪಾಯ್ತು' ಎಂದ.

ತಪ್ಪಾಯಿತು ಎಂದದ್ದು ಅವನು — ನನ್ನ ಹತ್ತಿರ. ಆರು ವರ್ಷ ಆ ಮಾತನ್ನು ಹೊತ್ತುಕೊಂಡು ತಿರುಗಿದ್ದೇನೆ. ತಿಂಗಳಿಗೊಮ್ಮೆ ಅವನ ಮನೆಗೆ ಹೋಗಿ, ಹಣ್ಣು ಕೊಟ್ಟು, ಹಳೆಯ ಆಟಗಳ ಮಾತಾಡಿ, ಸೆಲ್ವಿ ಕೊಟ್ಟ ಕಾಫಿ ಕುಡಿದು ಎದ್ದು ಬಂದಿದ್ದೇನೆ. ಇಷ್ಟು ಒಳ್ಳೆಯವರು ಎಲ್ಲಿ ಸಿಗ್ತಾರೆ ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ, ಕೇಳಿಯೂ ಸುಮ್ಮನಿದ್ದೇನೆ.

ಮೊನ್ನೆ ಭಾನುವಾರ ಬೆಳಿಗ್ಗೆ ಹೋಗಿ, ಇಷ್ಟನ್ನೂ, ಸ್ಟೂಲನ್ನೂ ಬಿಡದೆ, ಇಬ್ಬರಿಗೂ ಹೇಳಿದೆ. ಸೆಲ್ವಿ ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮುರುಗೇಶ ಗೋಡೆಗೆ ಒರಗಿ ಕೂತೇ ಇದ್ದ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಕಾದೆ. ಅಷ್ಟರಲ್ಲಿ ಅವನ ಮಗಳ ಕೂಸು ಅಂಬೆಗಾಲಿಡುತ್ತಾ ಬಂದು ಅವನ ಕಾಲು ಹಿಡಿದು ನಿಂತಿತು. ಹುಟ್ಟಿ ಹತ್ತು ತಿಂಗಳಾದ ಹೆಣ್ಣುಮಗು. ಅವನು ಅದನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿನಿಂದ ಅದರ ಮೂಗು, ಹುಬ್ಬು, ಗಲ್ಲ ಎಲ್ಲ ಮುಟ್ಟಿ ನೋಡಿದ.

'ಇವಳು ಹೆಂಗಿದಾಳೆ ಹೇಳಿ' ಎಂದ. 'ಎಲ್ರೂ ಚೆಂದ ಇದಾಳೆ ಅಂತಾರೆ, ಅಷ್ಟೇ. ನೀವು ಇದ್ದಂಗೆ ಹೇಳಿ.'

ದನಿಯಲ್ಲಿ ಸಿಟ್ಟಿರಲಿಲ್ಲ, ಅಣ್ಣಾ ಎನ್ನುವ ಮಾತೂ ಇರಲಿಲ್ಲ. ನಾನು ಹತ್ತಿರ ಹೋಗಿ ಕೂತೆ. ಬಣ್ಣ ಸೆಲ್ವಿಯದು, ಹಣೆ ಸ್ವಲ್ಪ ಅಗಲ, ಕೆಳಗಡೆ ಎರಡು ಹಲ್ಲು ಬಂದಿವೆ, ಕೂದಲು ಇನ್ನೂ ತೆಳ್ಳಗಿದೆ, ನಕ್ಕಾಗ ಬಲಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದೆ. 'ಕಣ್ಣು?' ಎಂದ. ನಿನ್ನವೇ, ದೊಡ್ಡವು, ಈಗ ನಿನ್ನನ್ನೇ ನೋಡುತ್ತಿದ್ದಾಳೆ ಎಂದೆ. ಅವನು 'ಹ್ಞೂಂ, ಮುಂದೆ ಹೇಳಿ' ಎಂದ.